ಹೊಲಿಗೆ ಕೆಲಸಕ್ಕೆ ಯಾವ ದರ್ಜೆ?

‘ಮೇಡ್ ಇನ್ ಡಾಗೆನ್‌ಹ್ಯಾಮ್’ 2010ರ ಇಂಗ್ಲಿಷ್ ಚಿತ್ರ. ನಿರ್ದೇಶಕ ನೈಜೆಲ್ ಕೋಲ್. ಮಾತು ಅರ್ಧ ತಿಳಿಯದಿದ್ದರೂ ನೋಡಬಹುದು. ಕೂಲಿಯ ಲೆಕ್ಕ ಯಾವ ಊರಿನವರಿಗೂ ಅರ್ಥವಾಗುತ್ತದೆ.

ಕಥೆಯ ಬುಡದಲ್ಲಿರುವುದು ನಡೆದ ಸಂಗತಿಯೇ. 1968ರ ಜೂನ್‌ನಲ್ಲಿ ಡಾಗೆನ್‌ಹ್ಯಾಮಿನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಸೀಟಿಗೆ ಕವರು ಹೊಲಿಯುವ 187 ಹೆಂಗಸರು ಮೆಷಿನ್ ನಿಲ್ಲಿಸಿದರು. ಕಂಪೆನಿ ಅವರನ್ನು ಕುಶಲ ಕೆಲಸದ ‘ಸಿ’ ದರ್ಜೆಯ ಬದಲು ‘ಬಿ’ಯಲ್ಲಿ ಕೂರಿಸಿತ್ತು. ಸಾಲದ್ದಕ್ಕೆ, ಅದೇ ‘ಬಿ’ಯ ಗಂಡಸಿಗಿಂತ ಶೇಕಡಾ 15 ಕಡಿಮೆ ಸಂಬಳ. ಸೀಟಿಲ್ಲದೆ ಕಾರು ಹೊರಡುವುದುಂಟೇ? ಕಾರ್ಖಾನೆಯೇ ನಿಂತಿತು. ಮೂರು ವಾರದ ಮೇಲೆ ಮಂತ್ರಿ ಬಾರ್ಬರಾ ಕ್ಯಾಸಲ್ ನಡುವೆ ಬಂದು ರಾಜಿ ಮಾಡಿಸಿದರು.

ನಾಯಕಿ ರೀಟಾ ಕಲ್ಪಿತ ಪಾತ್ರ. ಸ್ಯಾಲಿ ಹಾಕಿನ್ಸ್ ಚೆನ್ನಾಗಿ ಮಾಡಿದ್ದಾರೆ. ಅಧಿಕಾರಿಗಳ ಮೇಜಿನ ಮೇಲೆ ಸೀಟಿನ ತುಂಡುಗಳನ್ನು ಹರಡಿ, ಇವನ್ನು ಜೋಡಿಸಲು ಕೈಚಳಕ ಬೇಕೋ ಬೇಡವೋ ಎಂದು ಅವಳು ಕೇಳುವ ದೃಶ್ಯವೇ ಚಿತ್ರದ ಜೀವ. ಆದರೆ ಚಿತ್ರ ಆ ತುಂಡುಗಳನ್ನು ಅಲ್ಲೇ ಬಿಟ್ಟು ಗೆಲುವಿನ ಕಡೆ ಓಡಿಬಿಡುತ್ತದೆ. ನನ್ನ ತಕರಾರು ಅದೇ.

ನಿಜವಾಗಿ ಸಿಕ್ಕಿದ್ದೇನು? ‘ಬಿ’ ದರ್ಜೆಯ ಗಂಡಸಿನ ಸಂಬಳದಲ್ಲಿ ಶೇಕಡಾ 92, ಮರುವರ್ಷ ಪೂರ್ತಿ. 1970ರಲ್ಲಿ ಸಮಾನ ವೇತನದ ಕಾಯಿದೆಯೂ ಬಂತು. ದೊಡ್ಡ ಗೆಲುವೇ ಸರಿ. ದರ್ಜೆ ಮಾತ್ರ ಕದಲಲಿಲ್ಲ. ‘ಸಿ’ ಸಿಕ್ಕಿದ್ದು 1984ರಲ್ಲಿ, ಇನ್ನೊಂದು ಮುಷ್ಕರದ ನಂತರ. ಹದಿನಾರು ವರ್ಷ!

ಸಂಬಳ ಬಹಿರಂಗವಾದರೆ ಅನ್ಯಾಯ ತಾನಾಗಿ ಹೋಗುತ್ತದೆ ಎನ್ನುವವರು ಇದನ್ನು ಗಮನಿಸಬೇಕು. ದರ ಗೊತ್ತಿದ್ದುದರಿಂದಲೇ ಅವರು ಜಗಳಕ್ಕೆ ನಿಂತರು, ನಿಜ. ಆದರೆ ದರ್ಜೆ ಬರೆಯುವ ಪೆನ್ನು ಯಾರ ಕೈಲಿತ್ತು? ನಮ್ಮ ಹಳ್ಳಿಗಳನ್ನೇ ನೋಡಿ. ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು ಎಂಬುದು ಗುಟ್ಟೇನಲ್ಲ. ಒಂದೇ ರೀತಿಯ ಕೆಲಸಕ್ಕೆ ಒಂದೇ ಕೂಲಿ ಎಂದು 1976ರ ಕಾಯಿದೆ ಹೇಳಿದಾಗ, ‘ಅವಳದು ಹಗುರ ಕೆಲಸ’ ಎಂಬ ಉತ್ತರ ತಯಾರಿತ್ತು. ದಿನವಿಡೀ ಬಗ್ಗಿ ನೇಜಿ ನೆಡುವುದು ಹಗುರವೆಂದು ತೂಗಿದವರು ಯಾರು?

ಚಿತ್ರದಲ್ಲಿ ಬೈಗುಳ ಸ್ವಲ್ಪ ಜಾಸ್ತಿ; ದೊಡ್ಡವರಿಗೆ ತೋರಿಸಬಹುದು. ತೋರಿಸುವ ಮೇಷ್ಟ್ರುಗಳು ಕೊನೆಗೆ 1984ರ ಮಾತನ್ನೂ ಸೇರಿಸಿ ಹೇಳಲಿ.