ಬಿದ್ದವಳು ಯಾರು?

ನಾಯಕನ ಜಾಗಕ್ಕೆ ಹೊಸಬರು ಬಂದರೆ ಕತೆಯೂ ಹೊಸದಾಗುತ್ತದೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಬೇಕು ಅನ್ನಿಸಿದ್ದು 'ಡಾಕ್ಟರ್ ಹೂ' ಎಂಬ ಬ್ರಿಟಿಷ್ ವಿಜ್ಞಾನಕತೆಯ ಧಾರಾವಾಹಿಯ ಒಂದು ಕಂತಿನಿಂದ. 2018ರ ಅಕ್ಟೋಬರ್ 7ರ ಭಾನುವಾರ ಬಿಬಿಸಿಯಲ್ಲಿ ಅದರ ಹೊಸ ಸರಣಿ ಶುರುವಾಯಿತು. 1963ರಿಂದ ಗಂಡಸರೇ ಆಳಿಕೊಂಡು ಬಂದಿದ್ದ ಡಾಕ್ಟರ್ ಪಾತ್ರ ಅಂದು ಜೋಡಿ ವಿಟ್ಟೇಕರ್ ಎಂಬ ನಟಿಯ ಕೈಗೆ ಬಂತು. ಕಂತಿನ ಹೆಸರು 'ದಿ ವುಮನ್ ಹೂ ಫೆಲ್ ಟು ಅರ್ತ್', ನಮ್ಮ ಮಾತಿನಲ್ಲಿ 'ಭೂಮಿಗೆ ಬಿದ್ದ ಹೆಂಗಸು'. ಬರೆದವರು ಕ್ರಿಸ್ ಚಿಬ್ನಾಲ್. ಬ್ರಿಟನ್ನಿನಲ್ಲಿ ಒಂದು ಕೋಟಿಗೂ ಮಿಕ್ಕಿ ಜನ ನೋಡಿದರು. ಹೆಣ್ಣು ಡಾಕ್ಟರ್ ಬರುತ್ತಾಳೆಂದು 2017ರ ಜುಲೈನಲ್ಲಿ ಪ್ರಕಟವಾದಾಗಲೇ ಒಂದಷ್ಟು ಗಂಡಸರು ಆಕಾಶ ಕಳಚಿ ಬಿದ್ದಂತೆ ಕೂಗಾಡಿದ್ದರು. ಅವರಿಗೆ ಉತ್ತರ ಕೊಡುವ ಗದ್ದಲದಲ್ಲಿ ಇನ್ನೊಂದು ಪ್ರಶ್ನೆಯನ್ನು ಕೇಳುವ ಪುರುಸೊತ್ತು ಹೆಚ್ಚಿನವರಿಗೆ ಸಿಗಲಿಲ್ಲ. ಆ ಕಂತಿನಲ್ಲಿ ಬೀಳುವುದು ಒಬ್ಬ ಹೆಂಗಸಲ್ಲ, ಇಬ್ಬರು. ಒಬ್ಬಳು ಬಿದ್ದು ಎದ್ದಳು. ಇನ್ನೊಬ್ಬಳು ಏಳಲಿಲ್ಲ.

ನೋಡಿಲ್ಲದವರಿಗಾಗಿ ಎರಡು ಮಾತು. ಡಾಕ್ಟರ್ ಎಂದರೆ ಆಸ್ಪತ್ರೆಯ ಡಾಕ್ಟರಲ್ಲ. ಬೇರೆ ಗ್ರಹದ ಜೀವಿ, ಕಾಲದಲ್ಲಿ ಹಿಂದೆ ಮುಂದೆ ಓಡಾಡುವವನು, ಹೋದಲ್ಲಿ ಅನ್ಯಾಯ ಕಂಡರೆ ಮೂಗು ತೂರಿಸುವವನು. ಸಾವು ಹತ್ತಿರ ಬಂದಾಗ ಅವನ ದೇಹ ಪೂರಾ ಬದಲಾಗಿ ಹೊಸ ಮುಖ ಬರುತ್ತದೆ. 1966ರಲ್ಲಿ ಮೊದಲ ನಟ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಾಗ ಹೂಡಿದ ಉಪಾಯ ಇದು. ಆತ್ಮ ಒಂದೇ, ಅಂಗಿ ಬೇರೆ ಎಂಬ ನಮ್ಮ ಪುರಾಣಿಕರ ಮಾತನ್ನು ಅವರು ವ್ಯಾಪಾರಕ್ಕೆ ಹಚ್ಚಿದರು ಅನ್ನಿ. ಆದರೆ ಐವತ್ತು ವರ್ಷಗಳ ಕಾಲ ಆ ಆತ್ಮಕ್ಕೆ ಬಿಳಿಗಂಡಸಿನ ಅಂಗಿಯೇ ಸಿಗುತ್ತಿತ್ತು ಎಂಬುದೂ ನಿಜ.

'ಮಕ್ಕಳು ನೋಡೋ ಸೀರಿಯಲ್ಲಿನಲ್ಲೂ ಜಾತಿ ಹುಡುಕ್ತೀರಾ?' ಎಂದು ಕೇಳುವ ಮಿತ್ರರಿದ್ದಾರೆ. ಹುಡುಕುವುದೇನು ಬಂತು, ಎದುರಿಗೇ ಇದೆಯಲ್ಲ. ಈ ಧಾರಾವಾಹಿಯ ಬಹುಪ್ರಸಿದ್ಧ ಶತ್ರುಗಳು ಡಾಲೆಕ್‌ಗಳು. ಟೆರಿ ನೇಷನ್ ಎಂಬ ಲೇಖಕರು 1963ರಲ್ಲಿ ನಾಜಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅವುಗಳನ್ನು ಕಟ್ಟಿದರು. ತಮ್ಮ ರಕ್ತವೊಂದೇ ಶುದ್ಧ, ಮಿಕ್ಕವರೆಲ್ಲ ಬದುಕಲು ಅನರ್ಹರು ಎನ್ನುವುದೇ ಅವುಗಳ ಧರ್ಮ. ಶುದ್ಧ-ಅಶುದ್ಧದ ಮಾತಿನ ಮೇಲೇ ಬೆಳೆದ ಕತೆ ಇದು. ಅದರ ಮೊಟ್ಟಮೊದಲ ಕತೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಲಖನೌದಲ್ಲಿ ಹುಟ್ಟಿದವರು, ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಹೆಂಗಸು. ತೆರೆಯ ಹಿಂದೆ ದುಡಿದವರಲ್ಲಿ ಇವರು ಮೊದಲಿನಿಂದಲೂ ಇದ್ದರು. ತೆರೆಯ ಮೇಲಿನ ನಾಯಕನ ಕುರ್ಚಿಯ ವಿಷಯ ಬೇರೆ.

ಈಗ ಕಂತಿಗೆ ಬರೋಣ. ಊರು ಷೆಫೀಲ್ಡ್, ಉಕ್ಕಿನ ಊರು. ರಾತ್ರಿಯ ರೈಲಿನ ಚಾವಣಿ ಒಡೆದುಕೊಂಡು ಡಾಕ್ಟರ್ ಒಳಗೆ ಬೀಳುತ್ತಾಳೆ. ಹೆಸರು ನೆನಪಿಲ್ಲ, ಬಾಯಿ ಮಾತ್ರ ಸುಮ್ಮನಿಲ್ಲ. ವಿಟ್ಟೇಕರ್ ಈ ಗಡಿಬಿಡಿಯನ್ನು ಸೊಗಸಾಗಿ ಮಾಡಿದ್ದಾರೆ. ಷೆಫೀಲ್ಡಿನ ಸ್ಟೀಲ್ ಚಮಚಗಳನ್ನು ಕರಗಿಸಿ, ಗುಜರಿ ಸಾಮಾನು ಸೇರಿಸಿ, ಕುಲುಮೆಯ ಮುಂದೆ ನಿಂತು ತನ್ನ ಆಯುಧವನ್ನು ತಾನೇ ಮಾಡಿಕೊಳ್ಳುವ ದೃಶ್ಯ ನನಗೆ ಬಹಳ ಹಿಡಿಸಿತು. ಈ ಕಂತಿನಲ್ಲಿ ಕೈಕೆಲಸಕ್ಕೆ ಬೆಲೆ ಇದೆ. ಸುತ್ತ ಇರುವವರೂ ದುಡಿಯುವ ಜನವೇ. ಗೋಡೌನಿನಲ್ಲಿ ಕೆಲಸ ಮಾಡುತ್ತಾ ಮೆಕ್ಯಾನಿಕ್ ಆಗಲು ಕಲಿಯುತ್ತಿರುವ ಕಪ್ಪು ಹುಡುಗ ರಯಾನ್. ಅವನಿಗೆ ಕೈಕಾಲುಗಳ ಹೊಂದಾಣಿಕೆ ತಪ್ಪಿಸುವ ಡಿಸ್‌ಪ್ರಾಕ್ಸಿಯಾ, ಸೈಕಲ್ ತುಳಿಯಲು ಬಾರದು. ಪೊಲೀಸ್ ತರಬೇತಿಯಲ್ಲಿರುವ, ಪಾರ್ಕಿಂಗ್ ಜಗಳ ಬಿಡಿಸುವುದರಲ್ಲೇ ದಿನ ಕಳೆಯುವ ಯಾಸ್ಮಿನ್ ಖಾನ್. ಬಸ್ ಡ್ರೈವರ್ ಆಗಿದ್ದ ಬಿಳಿಯ ಗ್ರಹಾಂ. ಇವರ ನಡುವೆ ಗ್ರೇಸ್. ರಯಾನ್‌ನ ಅಜ್ಜಿ, ಗ್ರಹಾಂನ ಹೆಂಡತಿ, ಕಪ್ಪು ನರ್ಸ್. ಶರಾನ್ ಡಿ. ಕ್ಲಾರ್ಕ್ ಅವರ ಅಭಿನಯ.

ಈ ಗ್ರೇಸ್ ಎಂಥವಳು? ಕ್ಯಾನ್ಸರ್ ಬಂದಿದ್ದ ಗ್ರಹಾಂಗೆ ಆಸ್ಪತ್ರೆಯಲ್ಲಿ ಪರಿಚಯವಾಗಿ ಜೀವ ಕೂಡಿಸಿದವಳು. 'ತಾತ' ಎಂದು ಕರೆಯಲು ಒಲ್ಲದ ಮೊಮ್ಮಗನನ್ನೂ ಅವನನ್ನೂ ಒಂದೇ ಸೂರಿನಡಿ ಹಿಡಿದಿಟ್ಟವಳು. ರೈಲಿನಲ್ಲಿ ಗಂಡಾಂತರವೆಂದು ಗೊತ್ತಾದರೆ ಓಡಿಹೋಗುವುದಿಲ್ಲ, ಒಳಕ್ಕೇ ನುಗ್ಗುತ್ತಾಳೆ. ಗಂಡ ಹೆದರಿ ನಡುಗುತ್ತಿದ್ದರೆ ಇವಳ ಕಣ್ಣಿನಲ್ಲಿ ಖುಷಿ. ಡಾಕ್ಟರ್ ಜೊತೆ ಲೋಕ ಸುತ್ತುವುದಕ್ಕೆ ಯೋಗ್ಯರು ಯಾರು ಎಂದು ಆ ಗುಂಪಿನಲ್ಲಿ ಯಾರನ್ನೇ ಕೇಳಿ, ಬೆರಳು ಅವಳ ಕಡೆಗೇ ಹೋಗುತ್ತದೆ. ಹೋದವರು ಮಿಕ್ಕ ಮೂವರು. ಅವಳು ಕ್ರೇನ್ ಹತ್ತಿ, ಕರೆಂಟಿನ ಕೇಬಲ್ ಹಿಡಿದು, ಆ ಸುರುಳಿ ಸುರುಳಿಯ ಯಂತ್ರಜೀವಿಯನ್ನು ಸುಟ್ಟು, ಕೆಳಗೆ ಬಿದ್ದು ಸತ್ತಳು. ಸಾಯುವಾಗಲೂ ಗಂಡನಿಗೆ ಧೈರ್ಯ ಹೇಳಿದಳು.

ಲೇಖಕರಿಗೆ ಅವಳ ಬೆಲೆ ಗೊತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. ಚೆನ್ನಾಗಿಯೇ ಗೊತ್ತಿದೆ. ಕಂತು ಶುರುವಾಗುವುದೇ ರಯಾನ್ ಮಾಡಿದ ವೀಡಿಯೋದಿಂದ. ನಾನು ಕಂಡ ಅತಿ ದೊಡ್ಡ ಹೆಂಗಸಿನ ಬಗ್ಗೆ ಹೇಳುತ್ತೇನೆ ಅನ್ನುತ್ತಾನೆ. ಹೊಸ ಡಾಕ್ಟರ್ ಬಗ್ಗೆ ಇರಬೇಕು ಅಂದುಕೊಳ್ಳುತ್ತೇವೆ. ಕೊನೆಗೆ ತಿಳಿಯುತ್ತದೆ, ಅವನು ಹೇಳುತ್ತಿದ್ದದ್ದು ತೀರಿಹೋದ ಅಜ್ಜಿಯ ಬಗ್ಗೆ. ಕಣ್ಣು ತುಂಬಿಬರುತ್ತದೆ, ಒಪ್ಪಿದೆ. ಆದರೆ ಕಣ್ಣು ಒರೆಸಿಕೊಂಡ ಮೇಲೆ ಕೇಳಬೇಕಲ್ಲ: ಅತಿ ದೊಡ್ಡವಳಾಗಲು ಅವಳು ಸಾಯಲೇಬೇಕಿತ್ತೆ? ಹೊಸ ನಾಯಕಿಯ ಮೊದಲ ದಿನವೇ, ಅವಳು ತನ್ನ ಹೆಸರನ್ನು ನೆನಪಿಸಿಕೊಂಡು ಘೋಷಿಸುವ ಆ ರಾತ್ರಿಯೇ, ಇದು ನಡೆಯಬೇಕಿತ್ತೆ?

ಚಿತ್ರದುರ್ಗದ ಕೋಟೆಯ ಕತೆ ನಿಮಗೆಲ್ಲ ಗೊತ್ತು. ಕಾವಲುಗಾರನ ಹೆಂಡತಿ, ಛಲವಾದಿಗಳ ಓಬವ್ವ, ಗಂಡ ಉಣ್ಣಲು ಕೂತಾಗ ನೀರಿಗೆ ಹೋದಳು. ಕಿಂಡಿಯಿಂದ ನುಸುಳುತ್ತಿದ್ದ ಹೈದರಾಲಿಯ ಸಿಪಾಯಿಗಳನ್ನು ಒನಕೆಯಿಂದ ಬಡಿದಳು. ಅಂದೇ ಸತ್ತಳೆಂದು ಜನ ಹೇಳುತ್ತಾರೆ. ಒನಕೆ ಓಬವ್ವನದು, ಕೋಟೆ ಮದಕರಿ ನಾಯಕನದು. ನಾಯಕನೇನು ಮೇಲ್ಜಾತಿಯವನಲ್ಲ, ಬೇಡರ ಕುಲದವನು. ಅವನು ಸಿಂಹಾಸನದಲ್ಲಿ ಕೂತದ್ದೂ ಸಣ್ಣ ಮಾತಲ್ಲ. ಆದರೂ ಕಿಂಡಿಯ ಬಾಯಲ್ಲಿ ನಿಂತು ಸಾಯುವವರು ಯಾರು ಎಂಬುದು ಕುರ್ಚಿ ಬದಲಾದ ಕೂಡಲೇ ಬದಲಾಗಲಿಲ್ಲ. ಷೆಫೀಲ್ಡಿನಲ್ಲಿ ಆದದ್ದೂ ಇದೇ. ಗಂಡಸಿನ ಕುರ್ಚಿ ಬಿಳಿಹೆಂಗಸಿಗೆ ಬಂತು. ಅದು ಗೆಲುವೇ ಸರಿ. ಆ ಗೆಲುವಿನ ಬಾಬ್ತು ಕಪ್ಪುಹೆಂಗಸಿನ ಲೆಕ್ಕಕ್ಕೆ ಬಿತ್ತು.

ಅದೂ ಯಾವ ವರ್ಷ ನೋಡಿ. 1948ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದಾಗಿನಿಂದ ಕೆರಿಬಿಯನ್ ದ್ವೀಪಗಳಿಂದ ಬಂದ ಹೆಂಗಸರು ಅಲ್ಲಿನ ಆಸ್ಪತ್ರೆಗಳ ವಾರ್ಡುಗಳನ್ನು ಹೊತ್ತು ನಡೆಸಿದ್ದಾರೆ. ಹಾಗೆ ಬಂದವರನ್ನು, ಅವರ ಮಕ್ಕಳನ್ನು, ಕಾಗದಪತ್ರವಿಲ್ಲವೆಂದು ಕೆಲಸದಿಂದ ತೆಗೆದದ್ದು, ದೇಶದಿಂದಲೇ ಹೊರಗಟ್ಟಿದ್ದು ಬಯಲಾಗಿ 2018ರ ಏಪ್ರಿಲ್‌ನಲ್ಲಿ ಗೃಹಮಂತ್ರಿ ಅಂಬರ್ ರಡ್ ರಾಜೀನಾಮೆ ಕೊಡಬೇಕಾಯಿತು. ಆರು ತಿಂಗಳಿಗೆ ಈ ಕಂತು. ಕಪ್ಪು ನರ್ಸ್ ಎಂಬ ಚಿತ್ರ ಆ ಹೊತ್ತಿನಲ್ಲಿ ಎಷ್ಟು ಭಾರವಾಗಿತ್ತು! ಅವಳನ್ನು ಬದುಕಿಸಿ, ಆಕಾಶ ಗ್ರಹ ಸುತ್ತಿಸಿ, ಮನೆಗೆ ಕರೆತಂದಿದ್ದರೆ ಅದೇ ಒಂದು ರಾಜಕೀಯವಾಗುತ್ತಿತ್ತು. ಧಾರಾವಾಹಿ ಅವಳಿಗೆ ಒಂದು ಒಳ್ಳೆಯ ಶವಸಂಸ್ಕಾರ ಮಾಡಿತು. ಚರಮಭಾಷಣ ಗಂಡನದು. ಅವಳ ಸ್ವಂತ ಮಗ, ರಯಾನ್‌ನ ತಂದೆ, ಬರಲೇ ಇಲ್ಲ. ಕಪ್ಪು ಗಂಡಸು ಬೇಜವಾಬ್ದಾರಿ ಎಂಬ ಹಳೆಯ ಸಿದ್ಧಚಿತ್ರವೂ ಪುಕ್ಕಟೆಯಾಗಿ ಸೇರಿಕೊಂಡಿತು.

ಕನ್ನಡದ ದಲಿತ ಓದುಗರಿಗೆ ಈ ಜಾಡು ಹೊಸದಲ್ಲ. 1933ರ 'ಚೋಮನ ದುಡಿ'ಯಲ್ಲಿ ಕಾರಂತರು ಹೊಲೆಯನನ್ನು ಕಾದಂಬರಿಯ ನಾಯಕನ ಜಾಗಕ್ಕೆ ತಂದರು. ಆ ಕಾಲಕ್ಕೆ ಅದು ದೊಡ್ಡದು, 1975ರಲ್ಲಿ ಸಿನಿಮಾ ಆದಾಗಲೂ ದೊಡ್ಡದೇ. ಚೋಮನಿಗೆ ಮರುಕ ಸಿಕ್ಕಿತು, ದುಡಿ ಸಿಕ್ಕಿತು, ಭೂಮಿ ಸಿಗಲಿಲ್ಲ. ಸತ್ತ ಚೋಮನಿಗಾಗಿ ಅಳುವ ಓದುಗನಿಗೆ ಬದುಕಿದ ಚೋಮನ ಜೊತೆ ಗದ್ದೆಯ ಅಂಚಿನ ತಕರಾರು ಬರುವುದಿಲ್ಲವಲ್ಲ.

ಇನ್ನೊಂದು ದೃಶ್ಯ ನನ್ನನ್ನು ಗ್ರೇಸ್‌ಳ ಸಾವಿಗಿಂತ ಹೆಚ್ಚು ಕಾಡಿತು. ಈ ಕಂತಿನ ಖಳ ಝಿಮ್-ಷಾ ಎಂಬ ಬೇಟೆಗಾರ. ಮನುಷ್ಯರನ್ನು ಕೊಂದು, ಅವರ ಹಲ್ಲುಗಳನ್ನು ಕಿತ್ತು ತನ್ನ ಮುಖಕ್ಕೆ ಸಿಕ್ಕಿಸಿಕೊಂಡಿದ್ದಾನೆ. ತನ್ನ ಕುಲದ ಮುಖಂಡನಾಗಲು ಒಬ್ಬ ಮನುಷ್ಯನನ್ನು ಬೇಟೆಯಾಡಿ ಒಯ್ಯಬೇಕು. ಕಾಣೆಯಾದ ತಂಗಿ ಆಶಾಳನ್ನು ಏಳು ವರ್ಷ ಹುಡುಕಿದ ರಾಹುಲ್ ಎಂಬವನನ್ನು ಕೊಲ್ಲುತ್ತಾನೆ. ಮೊಮ್ಮಗುವಿನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ ರಾತ್ರಿ ಕಾವಲುಗಾರನನ್ನು ಕೊಲ್ಲುತ್ತಾನೆ. ಅವನ ಗುರಿ ಕಾರ್ಲ್, ಕ್ರೇನ್ ಆಪರೇಟರ್. ನಿನಗೂ ಬೆಲೆ ಇದೆ ಎಂದು ಹೇಳುವ ಟೇಪನ್ನು ಕಿವಿಗೆ ಹಾಕಿಕೊಂಡು ದಿನ ದೂಡುವ ಬಡಪಾಯಿ. ಡಾಕ್ಟರ್ ಬುದ್ಧಿವಂತಿಕೆಯಿಂದ ಝಿಮ್-ಷಾನ ಬಾಂಬುಗಳು ಅವನ ಮೈಗೇ ತಿರುಗುವಂತೆ ಮಾಡಿರುತ್ತಾಳೆ. ಗುಂಡಿ ಒತ್ತಿದವನು ಅವನೇ, ಹಾಗಾಗಿ ಅವಳ ಕೈ ಶುದ್ಧ. ಆಗ ಕಾರ್ಲ್ ಅವನನ್ನು ಒದ್ದು ಕೆಳಕ್ಕೆ ಬೀಳಿಸುತ್ತಾನೆ. ಡಾಕ್ಟರ್ ತಿರುಗಿ ಬೈಯುವುದು ಯಾರಿಗೆ? ಕಾರ್ಲ್‌ಗೆ. ಹಾಗೆ ಮಾಡಲು ನಿನಗೆ ಹಕ್ಕಿಲ್ಲ ಅನ್ನುತ್ತಾಳೆ.

ಅಲ್ಲಾ ತಾಯಿ, ಇಡೀ ರಾತ್ರಿ ಬೇಟೆಯ ಮಿಕವಾಗಿ ಓಡಿದವನಿಗೆ ಒಂದು ಒದೆ ಕೊಡುವ ಹಕ್ಕಿಲ್ಲವೆ? ಅಹಿಂಸೆ ಕೆಟ್ಟದ್ದೆಂದು ನನ್ನ ವಾದವಲ್ಲ. ಮಹಾಡಿನ ಕೆರೆಗೆ 1927ರಲ್ಲಿ ಬಾಬಾಸಾಹೇಬರು ಜನರನ್ನು ಕರೆದೊಯ್ದದ್ದು ದೊಣ್ಣೆ ಹಿಡಿದಲ್ಲ. ನೀರು ಕುಡಿದು ಬರುತ್ತಿದ್ದವರ ಮೇಲೆ ದೊಣ್ಣೆ ಎತ್ತಿದವರು ಬೇರೆಯವರು. ಆ ಸಂಯಮ ಪೆಟ್ಟು ತಿನ್ನುವವರು ತಾವೇ ತೀರ್ಮಾನಿಸಿದ್ದು. ಇಲ್ಲಿ ಹಾಗಲ್ಲ. ನೀತಿಯ ಪಾಠ ಮೇಲಿನಿಂದ ಬರುತ್ತದೆ, ಪೆಟ್ಟು ಕೆಳಗಿನವರಿಗೆ ಬೀಳುತ್ತದೆ. ಊರಿನಲ್ಲಿ ಕೇರಿಯವರ ಮೇಲೆ ಹಲ್ಲೆಯಾದಾಗ ಶಾಂತಿಸಭೆ ಕರೆದು ಮೊದಲು ಕೇರಿಯವರಿಗೇ 'ತಾಳ್ಮೆ ಇರಲಿ' ಎನ್ನುವ ದೊಡ್ಡ ಮನುಷ್ಯರನ್ನು ನಾವು ಎಷ್ಟು ಕಂಡಿಲ್ಲ! ಇದರ ಫಲವೂ ಅದೇ ಸರಣಿಯಲ್ಲಿದೆ. ತಪ್ಪಿಸಿಕೊಂಡು ಹೋದ ಝಿಮ್-ಷಾ ಡಿಸೆಂಬರ್ 9ರ ಕೊನೆಯ ಕಂತಿನಲ್ಲಿ ಗ್ರಹ ಗ್ರಹಗಳನ್ನೇ ನಾಶಮಾಡಿ ಕೂತಿರುತ್ತಾನೆ. ಹೆಂಡತಿಯನ್ನು ಕಳೆದುಕೊಂಡ ಗ್ರಹಾಂಗೆ ಡಾಕ್ಟರ್ ಅಲ್ಲಿಯೂ ಎಚ್ಚರಿಸುತ್ತಾಳೆ: ಸೇಡು ತೀರಿಸಿಕೊಂಡರೆ ನನ್ನ ಜೊತೆ ನಿನಗೆ ಜಾಗವಿಲ್ಲ.

ಹಾಗೆಂದು ಆ ಸರಣಿಯನ್ನೇ ತಿಪ್ಪೆಗೆ ಎಸೆಯುವಂತಿಲ್ಲ. ಎರಡೇ ವಾರಕ್ಕೆ, ಅಕ್ಟೋಬರ್ 21ರಂದು, ಮೇಲರಿ ಬ್ಲ್ಯಾಕ್‌ಮನ್ ಮತ್ತು ಚಿಬ್ನಾಲ್ ಬರೆದ 'ರೋಸಾ' ಬಂತು. 1955ರ ಮಾಂಟ್ಗೊಮರಿಯ ಬಸ್ಸು. ರೋಸಾ ಪಾರ್ಕ್ಸ್ ಏಳಲು ಒಪ್ಪದ ಆ ಗಳಿಗೆ ಚರಿತ್ರೆಯಲ್ಲಿ ಉಳಿಯಬೇಕಾದರೆ ಬಸ್ಸಿನ ಸೀಟುಗಳು ಭರ್ತಿಯಾಗಿರಬೇಕು. ಕಪ್ಪು ಹೆಂಡತಿಯನ್ನು ಮಣ್ಣು ಮಾಡಿ ಬಂದ ಗ್ರಹಾಂ, ಇದರಲ್ಲಿ ನನಗೆ ಪಾಲು ಬೇಡ ಎಂದು ಗೋಗರೆದರೂ, ಕದಲದೆ ಆ ಸೀಟಿನಲ್ಲಿ ಕೂರಬೇಕಾಗುತ್ತದೆ. ಮರುಕ ಸಾಲದು, ಕೂತ ಜಾಗವೇ ಅಪರಾಧ ಎಂಬುದು ಆ ಮುಖದಲ್ಲಿ ಕಾಣುತ್ತದೆ. ಮೊದಲ ಕಂತಿಗೆ ಇಲ್ಲದ ಎದೆಗಾರಿಕೆ ಇಲ್ಲಿದೆ.

2020ರ ಜನವರಿಯಲ್ಲಿ ಜೋ ಮಾರ್ಟಿನ್ ಎಂಬ ಕಪ್ಪು ನಟಿ ಡಾಕ್ಟರ್ ಆಗಿ ಕಾಣಿಸಿಕೊಂಡರು, ಆದರೆ ಅತಿಥಿಯಾಗಿ. ಸರಣಿ ಅವರದಾಗಲಿಲ್ಲ. ರುವಾಂಡಾದಲ್ಲಿ ಹುಟ್ಟಿ ಸ್ಕಾಟ್ಲೆಂಡಿನಲ್ಲಿ ಬೆಳೆದ ಎನ್‌ಕೂಟಿ ಗಾಟ್ವಾ ನಾಯಕನಾಗಿದ್ದ 2024ರ ಸರಣಿಯಲ್ಲಿ 'ಡಾಟ್ ಅಂಡ್ ಬಬಲ್' ಎಂಬ ಕಂತಿದೆ. ಜೂನ್ 1ರಂದು ಬಂದದ್ದು. ಸಿರಿವಂತರ ಮಕ್ಕಳದೇ ಒಂದು ಊರು, ಎಲ್ಲ ಬಿಳಿಯರು. ಅವರನ್ನು ರಾಕ್ಷಸ ಹುಳುಗಳು ತಿನ್ನುತ್ತಿವೆ. ಡಾಕ್ಟರ್ ಬಂದು, ಬನ್ನಿ ನನ್ನ ನೌಕೆಯಲ್ಲಿ ಉಳಿಸುತ್ತೇನೆ ಅನ್ನುತ್ತಾನೆ. ನೀನು ನಮ್ಮವನಲ್ಲ, ನಿನ್ನ ಸಹವಾಸ ಮೈಲಿಗೆ ಎಂಬಂಥ ಮಾತಾಡಿ ಅವರು ಬೆನ್ನು ತಿರುಗಿಸುತ್ತಾರೆ. ಸಾಯುತ್ತೇವೆ, ನಿನ್ನ ಕೈಯಿಂದ ಬದುಕುವುದಿಲ್ಲ! ಕುಡಿಯುವ ನೀರಿನ ಮುಂದೆ ಮೈಲಿಗೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವನು ನಗುತ್ತಾನೆ, ಅಳುತ್ತಾನೆ, ಕಿರುಚುತ್ತಾನೆ. ವಿಟ್ಟೇಕರ್ ಆ ಪಾತ್ರದಲ್ಲಿದ್ದಿದ್ದರೆ ಈ ಕತೆ ಬರೆಯಲಾಗುತ್ತಲೇ ಇರಲಿಲ್ಲ. ನಾಯಕ ಬದಲಾದದ್ದರಿಂದ ಕತೆ ಬದಲಾದದ್ದಕ್ಕೆ ನಾನು ಕೊಡಬಲ್ಲ ಉದಾಹರಣೆ ಇದು.

ಗಾಟ್ವಾ ಎರಡೇ ಸರಣಿಗೆ, 2025ರ ಮೇ 31ರಂದು, ಒಂದು ಮಗುವನ್ನು ಉಳಿಸಲು ಜೀವ ತೆತ್ತು ಹೋದರು. ಅವರ ಮುಖದ ಜಾಗದಲ್ಲಿ ಬಿಲ್ಲಿ ಪೈಪರ್ ಎಂಬ ಬಿಳಿಯ ನಟಿಯ ಮುಖ ಮೂಡಿತು. ಡಾಕ್ಟರುಗಳು ಹೋಗುವುದೇ ಹೀಗೆ, ಅದಕ್ಕೆ ಬಣ್ಣ ಬಳಿಯಬೇಡಿ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಮುಂದೆ ಇನ್ನೊಬ್ಬರು ಆ ಜಾಗಕ್ಕೆ ಬಂದು ಇನ್ನೊಂದು ಆರಂಭದ ಕಂತು ತೆರೆ ಕಂಡಾಗ, ನಾಯಕ ಯಾರು ಎಂದು ಬರೆಯುವ ಮೊದಲು ಆ ಕಂತಿನಲ್ಲಿ ಸತ್ತವರ ಹೆಸರು, ಅವರು ಮಾಡುತ್ತಿದ್ದ ಕೆಲಸ, ಇವೆರಡನ್ನೂ ನಮ್ಮ ವಿದ್ಯಾರ್ಥಿಗಳು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. 2018ರ ಹಾಳೆಯಲ್ಲಿ ನಾನು ಬರೆದುಕೊಂಡದ್ದು: ರಾಹುಲ್, ತಂಗಿಯನ್ನು ಹುಡುಕುತ್ತಿದ್ದವನು. ಒಬ್ಬ ರಾತ್ರಿ ಕಾವಲುಗಾರ. ಗ್ರೇಸ್, ನರ್ಸ್.