ಅಳದವರ ಸಿನಿಮಾ

‘ಮಿಥ್ಯ’ದ ಹುಡುಗನಿಗೆ ಹನ್ನೊಂದು ವರ್ಷ. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ಮುಂಬೈಯಿಂದ ಉಡುಪಿ ಸೀಮೆಗೆ, ನೆಂಟರ ಮನೆಗೆ ಬಂದು ಸೇರಿದ್ದಾನೆ. ಹೊಸ ಶಾಲೆ, ಹೊಸ ಗೆಳೆಯರು, ಅಕ್ಕಪಕ್ಕದವರ ಕುತೂಹಲ, ಬೆನ್ನ ಹಿಂದೆ ನಡೆಯುವ ಪಿಸುಮಾತು. 2025ರ ಮಾರ್ಚ್‌ನಲ್ಲಿ ತೆರೆಕಂಡ ಈ ಚಿತ್ರದಲ್ಲಿ ನಿರ್ದೇಶಕ ಸುಮಂತ್ ಭಟ್ ಹುಡುಗನನ್ನು ಅಳಿಸುವ ಆತುರ ತೋರುವುದಿಲ್ಲ. ಹುಡುಗ ಸೈಕಲ್ ತುಳಿಯುತ್ತಾನೆ, ಮೊಂಡು ಹಿಡಿಯುತ್ತಾನೆ, ದೊಡ್ಡವರು ಮಾತಾಡುವಾಗ ಕಿವಿ ಅತ್ತ ಕೊಟ್ಟು ಮುಖ ಇತ್ತ ತಿರುಗಿಸುತ್ತಾನೆ. ಆತಿಶ್ ಶೆಟ್ಟಿ ಎಂಬ ಬಾಲನಟನ ಮುಖದ ಮೇಲೆ ದುಃಖ ಒಮ್ಮೆ ಸಿಟ್ಟಾಗಿ, ಒಮ್ಮೆ ಅಸಡ್ಡೆಯಾಗಿ, ಒಮ್ಮೆ ಬರೀ ಸುಸ್ತಾಗಿ ಬಂದು ಹೋಗುತ್ತದೆ. ನಮ್ಮನ್ನು ನಗಿಸಿಯೇ ಪರಿಚಯವಾದ ಪ್ರಕಾಶ್ ತುಮಿನಾಡು ಇಲ್ಲಿ ಆ ಮಗುವಿನ ಹೊಣೆ ಹೊತ್ತ ಮನೆಯ ಯಜಮಾನ. ಪ್ರೀತಿ ಇದೆ, ಅದನ್ನು ಹೇಗೆ ಹೇಳಬೇಕೆಂದು ಗೊತ್ತಿಲ್ಲ. ಮಗುವಿಗೂ ಗೊತ್ತಿಲ್ಲ. ಒಂದೇ ಸೂರಿನಡಿ ಇರುವ ಇವರ ನಡುವಿನ ಆ ತಡವರಿಕೆಯೇ ಚಿತ್ರದ ಕಥೆ.

ಇತ್ತೀಚಿನ ವರ್ಷಗಳ ಕನ್ನಡ ಚಿತ್ರಗಳಲ್ಲಿ ನನ್ನನ್ನು ಇಷ್ಟು ಹಿಡಿದಿಟ್ಟದ್ದು ಇನ್ನೊಂದಿಲ್ಲ. ಅದಕ್ಕೆ ನಾನು ಹುಟ್ಟಿ ಬೆಳೆದ ಊರೂ ಒಂದು ಕಾರಣವಿರಬೇಕು. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ವಿದ್ಯುತ್ ಮಗ್ಗ ಓಡುತ್ತಿರುವಾಗ ‘ನೀರು ಕೊಡು’ ಎನ್ನಲೂ ಕೂಗಬೇಕು. ಕೂಗಿ ಹೇಳಬಹುದಾದ ಮಾತುಗಳೇ ಬೇರೆ. ‘ನೀನಿಲ್ಲದೆ ಮನೆ ಬಿಕೋ ಅನ್ನುತ್ತೆ’ ಎಂಬುದನ್ನು ಯಾರೂ ಕೂಗಿ ಹೇಳುವುದಿಲ್ಲ. ಸಾವಾದ ಮನೆಯಲ್ಲಿ ಮಗ್ಗ ನಿಲ್ಲುತ್ತದೆ, ಸೂತಕ ಕಳೆದ ಮೇಲೆ ಮತ್ತೆ ಶುರುವಾಗುತ್ತದೆ, ಆ ಸದ್ದಿನೊಳಗೇ ಉಳಿದ ದುಃಖವೆಲ್ಲ ಕರಗಬೇಕು. ಇಂಥ ಮನೆಗಳಲ್ಲಿ ಬೆಳೆದವರಿಗೆ, ತನಗೇನಾಗಿದೆ ಎಂದು ಉದ್ದುದ್ದ ಮಾತಿನಲ್ಲಿ ವಿವರಿಸುವ ಪಾತ್ರ ಪರದೆಯ ಮೇಲೆ ಬಂದರೆ ಆಪ್ತವೆನಿಸುವುದು ಕಷ್ಟ. ತಟ್ಟೆ ಕುಕ್ಕಿ ಎದ್ದುಹೋಗುವವನು, ಅಳಬೇಕಾದಲ್ಲಿ ಲೆಕ್ಕದ ಪುಸ್ತಕ ತೆಗೆಯುವವಳು ಕೂಡಲೇ ಗುರುತು ಸಿಗುತ್ತಾರೆ.

ಭಾವನೆಯ ವಿಷಯದಲ್ಲಿ ಪ್ರಾಮಾಣಿಕವಾದ ಸಿನಿಮಾ ಯಾವುದು ಎಂದು ಕೇಳಿದರೆ ನನ್ನ ಉತ್ತರ ಇಲ್ಲಿಂದಲೇ ಹೊರಡುತ್ತದೆ. ಪಾತ್ರಕ್ಕೆ ತನ್ನ ನೋವನ್ನು ಬಚ್ಚಿಡುವ ಹಕ್ಕು ಕೊಟ್ಟ ಸಿನಿಮಾ ಅದು. ಆ ನೋವಿನ ಜೊತೆ ಬರುವ ಸಣ್ಣತನ, ಸ್ವಾರ್ಥ, ಅಸೂಯೆಗಳನ್ನೂ ಒರೆಸಿ ಹಾಕದೆ ಇಟ್ಟ ಸಿನಿಮಾ.

2022ರ ‘777 ಚಾರ್ಲಿ’ ನೋಡಿ ಅತ್ತವರಲ್ಲಿ ನಾನೂ ಒಬ್ಬ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಚಿತ್ರ ನೋಡಿ ಕಣ್ಣೀರಿಟ್ಟದ್ದು ಟಿವಿಯಲ್ಲೆಲ್ಲ ಬಂತು. ಆ ಕಣ್ಣೀರು ಸುಳ್ಳಲ್ಲ, ನನ್ನದೂ ಸುಳ್ಳಲ್ಲ. ಕಿರಣ್‌ರಾಜ್ ನಿರ್ದೇಶನದ ಆ ಚಿತ್ರದ ಮೊದಲ ಭಾಗವನ್ನು ಈಗಲೂ ಮೆಚ್ಚುತ್ತೇನೆ. ಕಾರ್ಖಾನೆ, ಇಡ್ಲಿ, ಬಿಯರ್, ಚಾಪ್ಲಿನ್ ಸಿನಿಮಾ ಇಷ್ಟರಲ್ಲೇ ದಿನ ದೂಡುವ ಧರ್ಮನ ಒಂಟಿತನಕ್ಕೆ ರಕ್ಷಿತ್ ಶೆಟ್ಟಿ ಯಾವ ಸಬೂಬೂ ಹೇಳುವುದಿಲ್ಲ. ಅವನು ಕೆಟ್ಟದಾಗಿ ನಡೆದುಕೊಳ್ಳುತ್ತಾನೆ, ಅಷ್ಟೆ. ಅವನ ಬಾಳಿಗೆ ಬಂದು ಸೇರಿದ ನಾಯಿ ಚಾರ್ಲಿಗೆ ಕಾಯಿಲೆ ಎಂದು ಗೊತ್ತಾಗಿ, ಅದಕ್ಕೆ ಹಿಮ ತೋರಿಸಲು ಹೊರಟ ಮೇಲೆ ಚಿತ್ರದ ಸ್ವಭಾವವೇ ಬದಲಾಗುತ್ತದೆ. ಎಲ್ಲಿ ಮರುಗಬೇಕು, ಎಲ್ಲಿ ಬಿಕ್ಕಬೇಕು ಎಂದು ಹಿನ್ನೆಲೆ ಸಂಗೀತ ನಮಗಿಂತ ಮೊದಲೇ ತೀರ್ಮಾನಿಸಿಬಿಡುತ್ತದೆ. ಮೂಕಪ್ರಾಣಿಯ ಸಾವಿಗೆ ಕರಗದವರು ಯಾರು? ಕರಗುವುದು ಖಾತ್ರಿಯಾದ ಜಾಗದಲ್ಲಿ ನಿರ್ದೇಶಕನಿಗೆ ಸಂಯಮ ಹೆಚ್ಚು ಬೇಕಿತ್ತು. ಚಿತ್ರಮಂದಿರದಿಂದ ಹೊರಬಂದ ಮೇಲೆ ನನ್ನ ಜೊತೆ ಉಳಿದವನು ಇಡ್ಲಿ ತಿನ್ನುವ ಧರ್ಮ, ಹಿಮದಲ್ಲಿ ಅಳುವ ಧರ್ಮನಲ್ಲ.

ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ ಬಗ್ಗೆ ಹೆಚ್ಚು ಹೇಳಬೇಕು. ನಮ್ಮ ಕಡೆಯ ಹುಡುಗರು ಈ ಚಿತ್ರವನ್ನು ತಮ್ಮದೆಂದೇ ಎದೆಗೆ ಹಚ್ಚಿಕೊಂಡರು. ಮೊದಲ ಭಾಗ 2023ರ ಸೆಪ್ಟೆಂಬರ್ 1ಕ್ಕೆ, ಎರಡನೆಯದು ಅದೇ ವರ್ಷದ ನವೆಂಬರ್‌ನಲ್ಲಿ ಬಂತು. ಮನು ಶ್ರೀಮಂತರ ಮನೆಯ ಕಾರು ಓಡಿಸುವವನು. ಪ್ರಿಯಾ ಹಾಡುವ ಹುಡುಗಿ. ಇಬ್ಬರಿಗೂ ಒಂದು ಮನೆ ಬೇಕು. ಧಣಿಯ ಮಗ ಮಾಡಿದ ಅಪಘಾತವನ್ನು ದುಡ್ಡಿಗಾಗಿ ಮನು ತನ್ನ ತಲೆಗೆ ಕಟ್ಟಿಕೊಳ್ಳುತ್ತಾನೆ, ಬಿಡಿಸುತ್ತೇನೆಂದ ಧಣಿ ತೀರಿಕೊಳ್ಳುತ್ತಾನೆ, ಮನು ಜೈಲಿನಲ್ಲೇ ಉಳಿಯುತ್ತಾನೆ. ಹೊಸಕೋಟೆ, ದೇವನಹಳ್ಳಿ, ನೆಲಮಂಗಲದಿಂದ ಬೆಂಗಳೂರಿಗೆ ಡ್ರೈವರ್ ಕೆಲಸಕ್ಕೆ ಹೋಗುವ ಹುಡುಗರಿಗೆ ಈ ಕಥೆಯಲ್ಲಿ ನಂಬಲಾಗದ್ದು ಏನೂ ಇಲ್ಲ. ಧಣಿಯ ಮಾತನ್ನು ನಂಬುವುದು, ಒಂದೇ ಏಟಿಗೆ ಬಾಳು ನೆಟ್ಟಗಾಗುತ್ತದೆ ಅಂದುಕೊಳ್ಳುವುದು, ಅದನ್ನು ಪ್ರೀತಿಸಿದವಳಿಗೆ ಹೇಳದೆ ಮಾಡುವುದು, ಮೂರೂ ಅವರು ಕಣ್ಣಾರೆ ಕಂಡವು.

ಮೊದಲ ಭಾಗದ ಜೈಲು ಭೇಟಿಯ ದೃಶ್ಯಗಳು ಕನ್ನಡ ಸಿನಿಮಾ ಈ ದಶಕದಲ್ಲಿ ಮಾಡಿದ ಅತ್ಯುತ್ತಮ ಕೆಲಸಗಳಲ್ಲಿ ಸೇರುತ್ತವೆ. ಗಲಾಟೆಯ ನಡುವೆ, ಸುತ್ತ ಹತ್ತಾರು ಜನ ಕೂಗುತ್ತಿರುವಾಗ, ಇಬ್ಬರು ಪ್ರೇಮಿಗಳು ತಮ್ಮ ಮಾತು ಹುಡುಕಿಕೊಳ್ಳಬೇಕು. ಪ್ರಿಯಾ ಪಾತ್ರದ ರುಕ್ಮಿಣಿ ವಸಂತ್ ಅಲ್ಲಿ ನಗುತ್ತಾರೆ. ಆ ನಗುವಿನಲ್ಲಿ ಸಿಟ್ಟು, ಭಯ, ಅವನಿಗೆ ಧೈರ್ಯ ಹೇಳಬೇಕಾದ ಅನಿವಾರ್ಯ ಎಲ್ಲವೂ ಒಟ್ಟಿಗಿವೆ. ಟೇಪಿನಲ್ಲಿ ತುಂಬಿ ಕಳಿಸಿದ ಅವಳ ದನಿಯನ್ನು ಮನು ಕೇಳಿಸಿಕೊಳ್ಳುವಾಗ ಅದ್ವೈತ ಗುರುಮೂರ್ತಿಯವರ ಕ್ಯಾಮೆರಾ, ಚರಣ್‌ರಾಜ್ ಸಂಗೀತ ಎರಡೂ ತಮ್ಮ ಅಳತೆ ಮೀರುವುದಿಲ್ಲ.

ಎರಡನೆಯ ಭಾಗದ ಬಗ್ಗೆ ನನ್ನ ತಕರಾರಿದೆ. ಹತ್ತು ವರ್ಷದ ನಂತರ ಹೊರಬಂದ ಮನು, ಮದುವೆಯಾಗಿ ಮಗುವಿನ ತಾಯಿಯಾಗಿರುವ ಪ್ರಿಯಾಳನ್ನು ಕದ್ದು ಹಿಂಬಾಲಿಸುತ್ತಾನೆ, ಅವಳ ಮನೆಯೊಳಗೂ ಹೋಗುತ್ತಾನೆ, ಅವಳಿಗೆ ತಿಳಿಯದಂತೆ ಅವಳ ಗಂಡನ ಬದುಕನ್ನು ಎತ್ತಿ ನಿಲ್ಲಿಸಲು ನೋಡುತ್ತಾನೆ. ಮನುವಿಗೆ ಹೀಗೆ ಅನ್ನಿಸುವುದು ಪೂರ್ತಿ ಸತ್ಯ. ಜೈಲಿನಲ್ಲಿ ಕಳೆದ ಮನಸ್ಸಿಗೆ ಕಾಲ ನಿಂತೇ ಇರುತ್ತದೆ. ಆದರೆ ಚಿತ್ರ ಆ ಹಿಂಬಾಲಿಕೆಯನ್ನು ಮನುವಿನ ಕಣ್ಣಿನಿಂದಲೇ ನೋಡಿ, ಅದನ್ನೊಂದು ತ್ಯಾಗವಾಗಿ ನಮ್ಮ ಮುಂದಿಡುತ್ತದೆ. ಪ್ರಿಯಾಳ ಕಡೆಯಿಂದ ಆ ದಿನಗಳನ್ನು ಕಂಡಿದ್ದರೆ ಏನಾಗುತ್ತಿತ್ತು? ಯಾರೋ ತನ್ನ ಮನೆಯನ್ನು ಗಮನಿಸುತ್ತಿದ್ದಾರೆಂದು ಗೊತ್ತಾದ ಹೆಣ್ಣಿನ ಎದೆಬಡಿತ ಎಲ್ಲಿ ಹೋಯಿತು? ಚೈತ್ರಾ ಆಚಾರ್ ಅಭಿನಯದ ಸುರಭಿಗೆ ಚಿತ್ರ ತೋರುವ ಗಮನ ಇಲ್ಲಿ ಸ್ವಲ್ಪ ಸಮಾಧಾನ ಕೊಡುತ್ತದೆ. ಮನು ತನ್ನನ್ನು ಇನ್ನೊಬ್ಬಳ ಬದಲಿಯಾಗಿ ನೋಡುತ್ತಿದ್ದಾನೆಂದು ಗೊತ್ತಿದ್ದೂ ಜೊತೆಗಿರುವ ಅವಳ ಸಂಕಟಕ್ಕೆ ಸುಲಭದ ಪರಿಹಾರ ಯಾವುದನ್ನೂ ಹೇಮಂತ್ ರಾವ್ ಹುಡುಕುವುದಿಲ್ಲ.

ಹೆಣ್ಣಿನ ಕಣ್ಣು ಎಂದಾಗ ರೂಪಾ ರಾವ್ ಅವರ ‘ಗಂಟುಮೂಟೆ’ (2019) ನೆನೆಯದಿರಲಾರೆ. ತೊಂಬತ್ತರ ದಶಕದ ಹೈಸ್ಕೂಲ್ ಹುಡುಗಿ ಮೀರಾ ಸಹಪಾಠಿಯನ್ನು ನೋಡುತ್ತಾಳೆ, ಬಯಸುತ್ತಾಳೆ. ತೇಜು ಬೆಳವಾಡಿ ಅವಳ ಆ ನೋಟಕ್ಕೆ ನಾಚಿಕೆಯ ಮುಸುಕು ಹಾಕುವುದಿಲ್ಲ. ಬಯಸಿದ್ದಕ್ಕಾಗಿ ಹುಡುಗಿಗೆ ಬುದ್ಧಿ ಕಲಿಸುವ ಚಾಳಿ ನಮ್ಮ ಸಿನಿಮಾಗಳಿಗೆ ಬಹಳ ಹಿಂದಿನಿಂದ ಇದೆ, ಈ ಚಿತ್ರಕ್ಕಿಲ್ಲ. ಮಂಸೋರೆಯವರ ‘ನಾತಿಚರಾಮಿ’ (2018) ಇನ್ನೂ ಕಷ್ಟದ ಹಾದಿ ಹಿಡಿಯಿತು: ಗಂಡ ಸತ್ತ ಹೆಣ್ಣಿನ ದೇಹದ ಹಸಿವು. ಶ್ರುತಿ ಹರಿಹರನ್ ಗೌರಿಯಾಗಿ, ಸಂಚಾರಿ ವಿಜಯ್ ಸುರೇಶನಾಗಿ ಒಬ್ಬರಿಗೊಬ್ಬರು ಎದುರಾಗುವ ದೃಶ್ಯಗಳ ಮುಜುಗರ ನಿಜವಾದದ್ದು. ಮನೋವೈದ್ಯರ ಎದುರಿನ ದೃಶ್ಯಗಳಲ್ಲಿ ಮಾತ್ರ ಮಾತು ಹೆಚ್ಚಾಗಿ, ನಾವೇ ಕಂಡುಕೊಂಡದ್ದನ್ನು ಚಿತ್ರ ಮತ್ತೆ ಓದಿ ಹೇಳಿದಂತಾಗುತ್ತದೆ. ನನ್ನ ಮನಸ್ಸಿನಲ್ಲಿ ಗೌರಿಗಿಂತ ಹೆಚ್ಚು ನಿಂತವಳು ಸುರೇಶನ ಹೆಂಡತಿ ಸುಮಾ. ಗಂಡ ತನ್ನನ್ನು ನೋಡುವುದಿಲ್ಲ ಎಂಬುದನ್ನು ಅವಳು ದಿನಾ ಅಡುಗೆಮನೆಯಲ್ಲಿ ನುಂಗಿಕೊಳ್ಳುತ್ತಾಳೆ. ಶರಣ್ಯಾ ಆ ಪಾತ್ರಕ್ಕೆ ಕೊಟ್ಟ ಮಂಕು ಮುಖವನ್ನು ನಮ್ಮ ಬೀದಿಯಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಇದೆಲ್ಲ ಹೊಸ ತಲೆಮಾರಿನವರು ಕಂಡುಹಿಡಿದದ್ದೆಂದು ನಾನು ಹೇಳುತ್ತಿಲ್ಲ. ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯಲ್ಲಿ ತೋಟ ಮಾಡಿಕೊಂಡು, ಊರಿಗೆ ತಮ್ಮ ದುಡ್ಡಿನಲ್ಲಿ ಆಸ್ಪತ್ರೆ ಕಟ್ಟಿಸಿಕೊಟ್ಟು, 2023ರ ಡಿಸೆಂಬರ್ 8ರಂದು ತೀರಿಕೊಂಡ ಲೀಲಾವತಿಯವರು ಪುಟ್ಟಣ್ಣ ಕಣಗಾಲರ ‘ಗೆಜ್ಜೆಪೂಜೆ’ಯಲ್ಲಿ ಮಾಡಿದ ತಾಯಿಯ ಪಾತ್ರವನ್ನು ನೋಡಿ. ತನ್ನ ಬಾಳು ಮಗಳಿಗೆ ಬೇಡ ಎನ್ನುವ ಆಸೆ, ಅದು ತನ್ನ ಕೈಯಲ್ಲಿಲ್ಲ ಎಂಬ ಅರಿವು ಎರಡನ್ನೂ ಒಂದೇ ನೋಟದಲ್ಲಿ ಹಿಡಿದಿದ್ದರು. ಸುತ್ತ ನಾಟಕೀಯತೆ ತುಂಬಿದ ಚಿತ್ರದಲ್ಲೂ ಒಬ್ಬ ನಟಿ ತನ್ನ ಪಾಲಿನ ಸತ್ಯವನ್ನು ಕಾಪಾಡಿಕೊಳ್ಳಬಲ್ಲಳು ಎನ್ನಲು ನನಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹೊರಗಿನ ಚಿತ್ರಗಳಲ್ಲಿ ಶಾರ್ಲಟ್ ವೆಲ್ಸ್ ಅವರ ‘ಆಫ್ಟರ್‌ಸನ್’ (2022) ಅನ್ನು ‘ಮಿಥ್ಯ’ದ ಪಕ್ಕದಲ್ಲಿಟ್ಟು ನೋಡುತ್ತೇನೆ. ಅಲ್ಲೂ ಹನ್ನೊಂದರ ಮಗು, ಅಪ್ಪನ ಜೊತೆ ಟರ್ಕಿಗೆ ರಜೆಗೆ ಹೋದ ಹುಡುಗಿ. ಅಪ್ಪ ಕುಸಿದು ಅಳುವ ಹೊತ್ತಿಗೆ ನಮಗೆ ಕಾಣುವುದು ಅವನ ಬೆನ್ನು ಮಾತ್ರ. ಮುಖ ತೋರಿಸಿದ್ದರೆ ನಾವು ಅನುಕಂಪ ತೋರಿ ಮುಗಿಸುತ್ತಿದ್ದೆವು. ಬೆನ್ನು ತೋರಿಸಿದ್ದರಿಂದ, ನಮಗೆ ಬೆನ್ನು ತಿರುಗಿಸಿ ಕೂತ ನಮ್ಮವರೆಲ್ಲ ನೆನಪಾಗುತ್ತಾರೆ.

ಮತ್ತೆ ಕನ್ನಡಕ್ಕೆ ಬಂದರೆ, ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಕಥೆ. 2022ರಲ್ಲಿ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದರೂ ನಮ್ಮ ಚಿತ್ರಮಂದಿರಗಳಿಗೆ ಬರಲು 2024ರ ಜೂನ್‌ವರೆಗೆ ಕಾಯಬೇಕಾಯಿತು. ಸರ್ಕಾರಿ ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು ಚೈನ್ ಬಿಸಿನೆಸ್‌ಗೆ ದುಡ್ಡು ಹಾಕಿ, ಊರೆಲ್ಲ ತಿರುಗಿ ಪುಡಿ ಮಾರುತ್ತಾಳೆ. ಅವಳ ಹಟ ನೋಡಿ ಸಿಟ್ಟು ಬರುತ್ತದೆ. ಸಿಟ್ಟು ಬರಲು ನಿರ್ದೇಶಕರು ಬಿಟ್ಟಿದ್ದಾರೆ. ಶರಣಮ್ಮ ಚೆಟ್ಟಿಯವರ ಶಿವಮ್ಮ ನಮ್ಮ ಮೆಚ್ಚುಗೆ ಬೇಡುವುದೇ ಇಲ್ಲ. ಚೀಟಿ, ಸಂಘದ ಸಾಲ ಇವುಗಳ ಸುಳಿಯಲ್ಲಿ ಸಿಕ್ಕ ಹೆಂಗಸರನ್ನು ಕಂಡವರಿಗೆ ಅವಳ ಕನಸೂ ಗೊತ್ತು, ಅವಳು ಮುಳುಗುವ ಬಗೆಯೂ ಗೊತ್ತು.

ಇಂಥ ಚಿತ್ರಗಳು ತಾಲ್ಲೂಕು ಕೇಂದ್ರದ ಟಾಕೀಸಿನವರೆಗೆ ಬರುವುದೇ ಅಪರೂಪ. ಬೆಂಗಳೂರಿನ ಮಾಲ್‌ನಲ್ಲಿ ಅವೇಳೆಯ ಒಂದು ಆಟ ಸಿಕ್ಕರೆ ಅದೇ ಪುಣ್ಯ. ಬಸ್ಸೋ ರೈಲೋ ಹಿಡಿದು ಹೋಗುವಷ್ಟರಲ್ಲಿ ತೆಗೆದಿರುತ್ತಾರೆ. 2020ರ ಫೆಬ್ರುವರಿಯಲ್ಲಿ ಬಂದ ‘ದಿಯಾ’ವನ್ನು ಹೆಚ್ಚಿನವರು ಲಾಕ್‌ಡೌನಿನಲ್ಲಿ ಮೊಬೈಲಿನಲ್ಲೇ ನೋಡಿದ್ದು. ಹಾಡಿಲ್ಲದ, ನಿಧಾನದ ಆ ಚಿತ್ರ ಜನರಿಗೆ ಹಿಡಿಸಿತು ಎಂಬುದು ಸಣ್ಣ ಸಂಗತಿಯಲ್ಲ. ಆದರೂ ಮೌನವೇ ಮುಖ್ಯವಾದ ಸಿನಿಮಾವನ್ನು ಮೆಸೇಜು ಬಡಿದುಕೊಳ್ಳುವ ಮೊಬೈಲಿನಲ್ಲಿ ನೋಡಿದರೆ ಆ ಮೌನ ಉಳಿಯುವುದಿಲ್ಲ. ‘ಮಿಥ್ಯ’ವನ್ನು ಮೊಬೈಲಿನಲ್ಲಿ ನೋಡಿದ ಗೆಳೆಯನೊಬ್ಬ ‘ಆ ಪಿಕ್ಚರ್‌ನಲ್ಲಿ ಏನೂ ಆಗೋದೇ ಇಲ್ವಲ್ಲಣ್ಣ’ ಅಂದ. ಕತ್ತಲ ಚಿತ್ರಮಂದಿರದಲ್ಲಿ ಆ ಹುಡುಗನ ಮುಖವನ್ನು ಗೋಡೆಯಗಲ ನೋಡಿದ್ದರೆ ಅವನು ಹಾಗೆ ಹೇಳುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಈ ಸಾಲಿಗೆಲ್ಲ ಹಿರಿಯಣ್ಣನಂತಿರುವ ‘ತಿಥಿ’ಯನ್ನು ಕೊನೆಗೆ ಎತ್ತಿಕೊಳ್ಳಲು ಕಾರಣವಿದೆ. ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರು ಜೊತೆಗೂಡಿ ಬರೆದು, ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಊರವರನ್ನೇ ಹಾಕಿಕೊಂಡು ತೆಗೆದ ಈ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು ಮರುವರ್ಷ ಇಲ್ಲಿ ತೆರೆಕಂಡಿತು. ನೂರೊಂದು ವರ್ಷದ ಸೆಂಚುರಿಗೌಡ ಸಾಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು. ಅಪ್ಪ ಗಡ್ಡಪ್ಪನಿಗೆ ಜಮೀನಿನ ಗೊಡವೆಯೇ ಬೇಡ. ಬದುಕಿರುವ ಅಪ್ಪ ಸತ್ತನೆಂದು ಕಾಗದ ಹುಟ್ಟಿಸಲು ಮಗ ಹೊರಡುತ್ತಾನೆ. ಊರೆಲ್ಲ ನಕ್ಕು ನೋಡಿದ ಚಿತ್ರ ಇದು. ಕುರಿಗಾಹಿಗಳ ಜೊತೆ ಕೂತ ಗಡ್ಡಪ್ಪ ತನ್ನ ಸಂಸಾರ ಮುರಿದ ಕಥೆಯನ್ನು, ಅದರಲ್ಲಿ ತನ್ನ ಅಪ್ಪನ ಪಾಲು ಏನಿತ್ತು ಎಂಬುದನ್ನು ಒಂದಿಷ್ಟೂ ದನಿ ಏರಿಸದೆ ಹೇಳುವಾಗ ಮಾತ್ರ ನಗು ನಿಂತುಹೋಗುತ್ತದೆ. ಅವನ ನಿರ್ಲಿಪ್ತತೆಯ ಬುಡದಲ್ಲಿ ಎಂಥ ಗಾಯವಿದೆ ಎಂದು ಆಗ ತಿಳಿಯುತ್ತದೆ.

ತಮ್ಮಣ್ಣನ ಕಥೆ ನಮ್ಮ ಜಿಲ್ಲೆಯಲ್ಲಿ ದಿನಾ ನಡೆಯುತ್ತಿದೆ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಶುರುವಾಯಿತು, ಅದಕ್ಕೆ ಹೋದ ನೆಲ ಸುಮಾರು 4,000 ಎಕರೆ. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯನ್ನು ಸರ್ಕಾರದ ಭೂಸ್ವಾಧೀನದಿಂದ ಉಳಿಸಿಕೊಳ್ಳಲು ರೈತರು ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತರು, 2025ರ ಜುಲೈನಲ್ಲಿ ಸರ್ಕಾರ ಆ ಭೂಸ್ವಾಧೀನವನ್ನು ಕೈಬಿಟ್ಟಿತು. ಉಳಿದ ಊರುಗಳಲ್ಲಿ ದ್ರಾಕ್ಷಿ ಚಪ್ಪರ, ಚಕ್ಕೋತದ ತೋಟ ಇದ್ದ ಕಡೆ ಲೇಔಟಿನ ಕಲ್ಲು ನೆಟ್ಟಿದ್ದಾರೆ. ಇಷ್ಟಾದರೂ ಬೆಂಗಳೂರಿನ ಸಿನಿಮಾದವರಿಗೆ ಈ ಸೀಮೆ ಇಂದಿಗೂ ಫೈಟು, ಹಾಡು ತೆಗೆದುಕೊಂಡು ಸಂಜೆಗೆ ವಾಪಸು ಹೋಗುವ ಜಾಗ. ಕರಾವಳಿಗೆ ‘ಮಿಥ್ಯ’ ಸಿಕ್ಕಿತು, ಮಂಡ್ಯಕ್ಕೆ ‘ತಿಥಿ’, ಕೊಪ್ಪಳಕ್ಕೆ ‘ಶಿವಮ್ಮ’. ನಮ್ಮ ಪಾಲಿನದು ಇನ್ನೂ ಬಂದಿಲ್ಲ.

ಬರುವುದಾದರೆ ಅದು ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಶುರುವಾಗಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಮೇಲೆ, ಜಮೀನು ಮಾರುವ ಮುಂಚೆ ಅಕ್ಕತಂಗಿಯರ ಸಹಿ ಬೇಕು. ಅಣ್ಣ ಕಾರು ಕಳಿಸಿ ಕರೆಸಿಕೊಳ್ಳುತ್ತಾನೆ, ಹೋಟೆಲಿನಲ್ಲಿ ಊಟ ಹಾಕಿಸುತ್ತಾನೆ, ಸೀರೆ ಕೊಡಿಸುತ್ತಾನೆ. ಅವಳು ಸಹಿ ಹಾಕುತ್ತಾಳೆ, ಅಥವಾ ಹಾಕುವುದಿಲ್ಲ. ಹಾಕದಿದ್ದರೆ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುವುದಿಲ್ಲ. ಹಾಕಿದರೆ ಗಂಡನ ಮನೆಯಲ್ಲಿ ಜನ್ಮವಿಡೀ ಮಾತು ಕೇಳಬೇಕು. ಈ ಕಥೆಯನ್ನು ತೆಗೆಯುವವರು ಅಣ್ಣನನ್ನು ಖಳನನ್ನಾಗಿ ಮಾಡಬಾರದು. ಅವನಿಗೂ ಸಾಲವಿದೆ, ಅವನೇ ಅಪ್ಪನನ್ನು ಕೊನೆತನಕ ನೋಡಿಕೊಂಡವನು. ತಂಗಿಯನ್ನು ದೇವತೆ ಮಾಡುವುದೂ ಬೇಡ. ಅವಳಿಗೂ ದುಡ್ಡು ಬೇಕು, ಅದನ್ನು ಬಾಯಿಬಿಟ್ಟು ಕೇಳಲು ಅವಳಿಗೆ ನಾಚಿಕೆಯಾಗುತ್ತದೆ. ಆ ನಾಚಿಕೆಯನ್ನು ತೋರಿಸಬಲ್ಲ ನಟಿಯರು ಕನ್ನಡದಲ್ಲಿದ್ದಾರೆ, ಬರೆಯಬಲ್ಲವರೂ ಇದ್ದಾರೆ. ಜಮೀನಿನ ಮೇಲಿನ ಮಮತೆ, ಅದರ ದುಡ್ಡಿನ ಮೇಲಿನ ಆಸೆ ಎರಡೂ ಒಂದೇ ಎದೆಯಲ್ಲಿರುತ್ತವೆ ಎಂದು ಒಪ್ಪಿಕೊಂಡು ಹೊರಡುವ ನಿರ್ದೇಶಕರು ಬೇಕು.