ಪುಕ್ಕಟೆ ಪಾಠ ಯಾರಿಗೆ ಪುಕ್ಕಟೆ?

ಮೊದಲೇ ಹೇಳಿಬಿಡುತ್ತೇವೆ: ಮೊಬೈಲಿನೊಳಗೆ ಪುಕ್ಕಟೆ ಸಿಗುವ ಪಾಠಗಳನ್ನು ಹೀಯಾಳಿಸಲಿಕ್ಕೆ ನಾವು ಕುಂತಿಲ್ಲ. ಶೂದ್ರನ ಕಿವಿಗೆ ವೇದ ಬಿದ್ದರೆ ಕಾಯಿಸಿದ ಸೀಸ ಹೊಯ್ಯಿರಿ ಎಂದು ಗೌತಮ ಧರ್ಮಸೂತ್ರ ಬರೆದಿಟ್ಟ ನಾಡು ಇದು. ಇಲ್ಲಿ ಒಂದು ದನಿ ಕೇಳುವವನ ಜಾತಿ ವಿಚಾರಿಸದೆ ಬೀಜಗಣಿತ ಹೇಳಿಕೊಡುತ್ತದೆ ಎಂದರೆ ಅದು ಸಣ್ಣ ಮಾತಲ್ಲ. ಕೇರಿಯ ಹುಡುಗ ಅದೇ ಪಾಠವನ್ನು ಹತ್ತು ಸಲ ಹಿಂದಕ್ಕೆ ಎಳೆದು ಕೇಳಬಹುದು. ಹತ್ತನೇ ಸಲವೂ ಅದು "ನಿಮಗ ಇದೆಲ್ಲ ಎಲ್ಲಿ ತಿಳೀಬೇಕು" ಎಂದು ನಗುವುದಿಲ್ಲ. ನಾವು ಓದುವಾಗ ಅಂಥ ನಗು ಕೇಳಿದ್ದೇವೆ. ಆ ನಗುವಿಗೆ ಹೆದರಿ ಲೆಕ್ಕ ಬಿಟ್ಟು ಕವಿತೆಗೆ ಬಂದವರೂ ನಮ್ಮಲ್ಲಿದ್ದಾರೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಆದರೆ ಪುಸ್ತಕವನ್ನು ವಿಮರ್ಶೆಗೆ ಒಡ್ಡುವ ನಾವು ಈ ಪಾಠಗಳನ್ನು ಯಾಕೆ ಬಿಟ್ಟಿದ್ದೇವೆ? ನಮ್ಮ ಹುಡುಗರು ಇವತ್ತು ಕಥೆ ಕಾದಂಬರಿಗಿಂತ ಹೆಚ್ಚು ಹೊತ್ತು ಕಳೆಯುವುದು ಇವುಗಳ ಮುಂದೆ. ಯಾರ ದನಿ, ಯಾರ ಕನ್ನಡ, ಯಾರ ಬದುಕಿನ ಉದಾಹರಣೆ ಎಂದು ಕೇಳುವುದು ವಿಮರ್ಶೆಯ ಕೆಲಸವೇ ಅಲ್ಲವೇ?

2020ರಲ್ಲಿ ಶಾಲೆಗಳಿಗೆ ಬೀಗ ಬಿತ್ತು. ಸರಕಾರ ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಎಂಬ ಹೆಸರಿನಲ್ಲಿ ಪಾಠ ಬಿತ್ತರಿಸಿತು. ಆ ಪಾಠಗಳು ಯೂಟ್ಯೂಬಿಗೂ ಬಂದವು. ಅದಕ್ಕೂ ಮೊದಲೇ, 2017ರಲ್ಲಿ ಶುರುವಾದ 'ದೀಕ್ಷಾ' ಇತ್ತು. ಪಠ್ಯಪುಸ್ತಕದ ಪುಟದಲ್ಲಿ ಚೌಕಾಕಾರದ ಒಂದು ಗುರುತು, ಅದಕ್ಕೆ ಫೋನು ಹಿಡಿದರೆ ಪಾಠ ತೆರೆದುಕೊಳ್ಳುತ್ತದೆ. ಹುಮನಾಬಾದ ತಾಲೂಕಿನ ನಮ್ಮ ಹಳ್ಳಿಯಲ್ಲಿ ಪುಸ್ತಕ ಬಂತು, ಗುರುತೂ ಬಂತು. ಫೋನು ಅಪ್ಪನ ಕಿಸೆಯಲ್ಲಿ, ಅಪ್ಪ ಹೈದರಾಬಾದಿನ ಕಟ್ಟಡದ ಕೆಲಸದಲ್ಲಿ. ಲಾಕ್‌ಡೌನಿನಲ್ಲಿ ಅಪ್ಪ ಊರಿಗೆ ಬಂದ ಮೇಲೆ ಫೋನು ಮನೆಗೆ ಬಂತು, ಆದರೆ ಕೂಲಿ ನಿಂತಿದ್ದರಿಂದ ರೀಚಾರ್ಜ್ ನಿಂತಿತು. ಇನ್ನು ನೆಟ್ ನೆಟ್ಟಗೆ ಸಿಗುತ್ತಿದ್ದದ್ದು ಎಲ್ಲಿ? ಊರೊಳಗಿನ ಗುಡಿಯ ಕಟ್ಟೆಯ ಮ್ಯಾಲೆ. ಆ ಕಟ್ಟೆಯ ಮ್ಯಾಲೆ ನಮ್ಮ ಮಕ್ಕಳು ಕೂಡುವ ಹಂಗಿರಲಿಲ್ಲ. ಕಟ್ಟೆಗೆ ತುಸು ದೂರದಲ್ಲಿ, ಬೇವಿನ ಗಿಡದ ಬೇರಿನ ಮ್ಯಾಲೆ ನಿಂತು ಮೂರು ಹುಡುಗಿಯರು ಒಂದು ಫೋನಿನಲ್ಲಿ 'ನಮ್ಮ ಸಂವಿಧಾನ' ಪಾಠ ನೋಡುತ್ತಿದ್ದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಚಿತ್ರ ನಡುನಡುವೆ ನಿಂತುಬಿಡುತ್ತಿತ್ತು. ಕಟ್ಟೆ ಹತ್ತಿದ್ದರೆ ನಿಲ್ಲುತ್ತಿರಲಿಲ್ಲ.

ಇದು ನಮ್ಮೊಂದು ಊರಿನ ಕಥೆಯಲ್ಲ. ಜಾನ್ ಡ್ರೇಜ್, ರೀತಿಕಾ ಖೇರಾ ಮತ್ತು ಸಂಗಡಿಗರು 2021ರ ಆಗಸ್ಟಿನಲ್ಲಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಸುಮಾರು 1,400 ಮಕ್ಕಳನ್ನು ವಿಚಾರಿಸಿದರು. ಹಳ್ಳಿಯ ಬಡ ವಸತಿಗಳಲ್ಲಿ ನಿಯಮಿತವಾಗಿ ಆನ್‌ಲೈನಿನಲ್ಲಿ ಓದುತ್ತಿದ್ದವರು ನೂರಕ್ಕೆ 8 ಮಂದಿ. ಅದರಲ್ಲಿ ದಲಿತ, ಆದಿವಾಸಿ ಮಕ್ಕಳನ್ನು ಬೇರೆ ಮಾಡಿ ನೋಡಿದರೆ ನೂರಕ್ಕೆ 4. ಉಳಿದ ಜಾತಿಯವರಲ್ಲಿ 15. ಪಾಠ ಎಲ್ಲರಿಗೂ ಪುಕ್ಕಟೆಯೇ ಇತ್ತು. ಆದರೂ ಈ ಲೆಕ್ಕ ಜಾತಿಯ ಗೆರೆಯ ಮ್ಯಾಲೇ ಬಂದು ನಿಂತಿತು.

ಹೆಸರುಗಳನ್ನು ಗಮನಿಸಿರಿ: ದೀಕ್ಷಾ, ಸ್ವಯಂ, ಜ್ಞಾನದೀಪ. ದೀಕ್ಷೆಯನ್ನು ಯಾರು ಯಾರಿಗೆ ಕೊಡುತ್ತಿದ್ದರು ಎಂಬ ಚರಿತ್ರೆ ನಮಗೆ ಗೊತ್ತಿದೆ. 'ಸ್ವಯಂ' ಎಂದರೆ ತಾನೇ ಕಲಿಯುವುದು. ನಮ್ಮಲ್ಲಿ ಹಂಗೆ ಕಲಿತ ಮೊದಲಿನವನು ಏಕಲವ್ಯ. ಮಣ್ಣಿನ ದ್ರೋಣ ಅವನಿಗೆ ಪುಕ್ಕಟೆಯೇ ಕಲಿಸಿದ, ಜಾತಿ ಕೇಳಲಿಲ್ಲ. ಜೀವಂತ ದ್ರೋಣ ಎದುರಿಗೆ ಬಂದಾಗ ಹೆಬ್ಬೆರಳಿನ ಮಾತು ಬಂತು. ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಶುರುಮಾಡಿದ ಎನ್‌ಪಿಟಿಇಎಲ್ ಪಾಠಗಳನ್ನು ಯಾರು ಬೇಕಾದರೂ ನೋಡಬಹುದು. ನಿಜಕ್ಕೂ ದೊಡ್ಡ ಕೆಲಸ ಅದು. ಐಐಟಿಯ ಗೇಟಿನ ಹೊರಗೆ ನಿಂತವರಿಗೆ ತರಗತಿಯ ಕಿಟಕಿ ತೆರೆದರು. ಆದರೆ ಸರ್ಟಿಫಿಕೇಟ್ ಬೇಕೆಂದರೆ ಪರೀಕ್ಷೆಗೆ ಕೂಡಬೇಕು, ಅದಕ್ಕೆ ಫೀ ಕಟ್ಟಬೇಕು. ಹಲವು ವರ್ಷ ಅದು ಸಾವಿರ ರೂಪಾಯಿ ಇತ್ತು, ಪರಿಶಿಷ್ಟರಿಗೆ ಅರ್ಧ. ಕಲಿಕೆ ಪುಕ್ಕಟೆ, ಕಲಿತಿದ್ದೀ ಎಂದು ಹೇಳುವ ಕಾಗದಕ್ಕೆ ರೊಕ್ಕ. ನೌಕರಿ ಕೊಡುವವನು ನೋಡುವುದು ಮಾತ್ರ ಕಾಗದವನ್ನು. ಕೇರಿಯ ಎಂಜಿನಿಯರಿಂಗ್ ಹುಡುಗನಿಗೆ ಐನೂರು ರೂಪಾಯಿ ಏನೂ ಅಲ್ಲ ಅನ್ನುವವರು ತೊಗರಿ ಕೊಯ್ಲಿನ ಕೂಲಿಗೆ ಒಂದು ದಿನ ಹೋಗಿ ಬರಲಿ.

ಇನ್ನು ಭಾಷೆಗೆ ಬರೋಣ. ಖಾನ್ ಅಕಾಡೆಮಿಯ ಸಲ್ಮಾನ್ ಖಾನ್ 2004ರಲ್ಲಿ ತನ್ನ ಬಂಧುವಿನ ಮಗಳಿಗೆ ದೂರದಿಂದ ಲೆಕ್ಕ ಹೇಳಿಕೊಡಲು ಹೋಗಿ ಈ ದಾರಿ ಹಿಡಿದವರು. ಕರಿ ಪರದೆ, ಬಣ್ಣದ ಗೆರೆ, ಮುಖವಿಲ್ಲದ ಒಂದು ದನಿ. ಮನೆಯ ಹುಡುಗಿಗೆ ಹೇಳುವ ಸಲಿಗೆ ಆ ಇಂಗ್ಲಿಷಿನಲ್ಲಿತ್ತು. ಅದೇ ಅದರ ಶಕ್ತಿ. ಕನ್ನಡಕ್ಕೆ ಬಂದಾಗ ಲೆಕ್ಕ ಬಂತು, ಸಲಿಗೆ ಅರ್ಧ ದಾರಿಯಲ್ಲೇ ಉಳಿಯಿತು. ಕೇಳುತ್ತಿದ್ದರೆ ಬೆಂಗಳೂರಿನ ಯಾವುದೋ ಆಫೀಸಿನ ಸೂಚನಾ ಫಲಕ ಓದಿದಂತಾಗುತ್ತದೆ. ಬೀದರ ಜಿಲ್ಲೆಯ ಮಗು ಮನೆಯಲ್ಲಿ "ಏನ್ ಮಾಡಲತ್ತೀ" ಅನ್ನುತ್ತದೆ. ಓಣಿಯಲ್ಲಿ ದಖನಿ, ತಾಂಡಾದಲ್ಲಿ ಲಂಬಾಣಿ, ಬಸವಕಲ್ಯಾಣದ ಗಡಿ ಹಳ್ಳಿಯಲ್ಲಿ ಮರಾಠಿ. ಈ ಮಗುವಿಗೆ ಪಠ್ಯದ ಕನ್ನಡವೇ ಒಂದು ಪರದೇಶ.

ಶೇಕಡಾವಾರು ಪಾಠವನ್ನೇ ತಗೊಳ್ಳಿರಿ. ಅಂಗಡಿಯ ಅಂಗಿಗೆ ನೂರಕ್ಕೆ ಇಪ್ಪತ್ತು ರಿಯಾಯಿತಿ ಕೊಟ್ಟರೆ ಎಷ್ಟು ಉಳಿಯಿತು ಎಂದು ಇಂಥ ಪಾಠಗಳು ಕೇಳುತ್ತವೆ. ಕೇರಿಯ ಮಗುವಿಗೆ ರಿಯಾಯಿತಿ ಗೊತ್ತಿಲ್ಲ, ಬಡ್ಡಿ ಗೊತ್ತದ. "ನೂರಕ್ಕ ಐದು" ಎಂದು ಸಾವುಕಾರ ಹೇಳಿದ್ದನ್ನು ಅದು ಅವ್ವನ ಬಾಯಲ್ಲಿ ಕೇಳಿದೆ. ಅದು ತಿಂಗಳಿಗೆ ಐದು, ವರ್ಷಕ್ಕೆ ಅರವತ್ತು. ಹತ್ತು ಸಾವಿರ ತಂದರೆ ತಿಂಗಳಿಗೆ ಐನೂರು, ವರ್ಷಕ್ಕೆ ಆರು ಸಾವಿರ ಬಡ್ಡಿಗೇ ಹೋಯಿತು, ಅಸಲು ಹಂಗೇ ನಿಂತಿತು. ಪಾಠದ ಬಡ್ಡಿ ವರ್ಷದ್ದು, ಬ್ಯಾಂಕಿನದು, ಮಾನವಂತ ಬಡ್ಡಿ. ತಿಂಗಳ ದರವನ್ನು ವರ್ಷದ ದರಕ್ಕೆ ತಿರುಗಿಸುವ ಒಂದು ಲೆಕ್ಕವನ್ನು ಯಾರಾದರೂ ನಮ್ಮ ಮಾತಿನಲ್ಲಿ ಹೇಳಿಕೊಟ್ಟಿದ್ದರೆ ಎಷ್ಟು ಮನೆ ಉಳಿಯುತ್ತಿದ್ದವೋ! ಇಂಥ ಲೆಕ್ಕ ನಾವು ನೋಡಿದ ಪಾಠಗಳಲ್ಲಿ ಸಿಗಲಿಲ್ಲ.

ನಮ್ಮ ಮಾತಿನಲ್ಲಿ ಪಾಠ ಹೇಳುವವರು ಇಲ್ಲವೆಂದಲ್ಲ. ಧಾರವಾಡ, ವಿಜಯಪುರದ ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿಯವರು ಉತ್ತರ ಕರ್ನಾಟಕದ ಗಟ್ಟಿ ದನಿಯಲ್ಲೇ ಪಾಠ ಹಾಕುತ್ತಾರೆ. ಹುಮನಾಬಾದ ಬಸ್ ಸ್ಟ್ಯಾಂಡಿನಲ್ಲಿ ಕಿವಿಗೆ ವೈರ್ ಸಿಕ್ಕಿಸಿಕೊಂಡು ಕುಂತ ಹುಡುಗರು ಕೇಳುವುದು ಬಹಳಮಟ್ಟಿಗೆ ಇವರನ್ನೇ. ಪಿಎಸ್‌ಐ, ಎಫ್‌ಡಿಎ, ಶಿಕ್ಷಕರ ನೇಮಕಾತಿ. ಭಾಷೆ ನಮ್ಮದು, ಹುರುಪು ನಮ್ಮದು. ಆದರೆ ತಿರುಳು? ಅಂಬೇಡ್ಕರ್ ಅವರು 1891ರ ಏಪ್ರಿಲ್ 14ರಂದು ಮಹೂದಲ್ಲಿ ಹುಟ್ಟಿದರು, ಒಂದು ಅಂಕ. ಪುಣೆ ಒಪ್ಪಂದ ಆದ ವರ್ಷ 1932, ಒಂದು ಅಂಕ. ಆ ಒಪ್ಪಂದಕ್ಕೆ ಸಹಿ ಹಾಕುವಾಗ ಅವರ ಮ್ಯಾಲೆ ಯಾವ ಒತ್ತಡ ಇತ್ತು, ನಾವು ಏನು ಕಳಕೊಂಡೆವು ಎಂಬುದಕ್ಕೆ ಅಂಕವಿಲ್ಲ, ಹಂಗಾಗಿ ಪಾಠವೂ ಇಲ್ಲ. ಪಾಠ ಮುಗಿಯುವಾಗ ರೊಕ್ಕ ಕಟ್ಟಿ ಸೇರುವ ಕೋರ್ಸಿನ ಜಾಹೀರಾತು ಬರುತ್ತದೆ. ಪುಕ್ಕಟೆ ಪಾಠ ಅಂಗಡಿಯ ಮುಂದಿನ ಬೆಲ್ಲದ ಚೂರು.

ಕಲ್ಯಾಣದ ಮಾತು ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ಸಸ್ತಾಪುರ ಬಂಗ್ಲಾದಲ್ಲಿ ಇಳಿದು ಬಸವಕಲ್ಯಾಣಕ್ಕೆ ಹೋದವರು ಅಲ್ಲಿ ಹರಳಯ್ಯನ ಗವಿ ನೋಡಿರುತ್ತಾರೆ. ಹನ್ನೆರಡನೇ ಶತಮಾನದಲ್ಲಿ ಈ ಊರಲ್ಲಿ ಚಪ್ಪಲಿ ಹೊಲಿಯುವವರು, ಬಟ್ಟೆ ಒಗೆಯುವವರು, ದೋಣಿ ನಡೆಸುವವರು ಒಟ್ಟಿಗೆ ಕುಂತು ಮಾತಾಡಿದರು ಎನ್ನುತ್ತೇವೆ. ಅಲ್ಲಿ ಕಲಿಕೆ ಎಂದರೆ ಒಬ್ಬನು ಹೇಳಿ ಉಳಿದವರು ಕೇಳುವುದಾಗಿರಲಿಲ್ಲ. ಅಡ್ಡ ಪ್ರಶ್ನೆ ಹಾಕುವುದಾಗಿತ್ತು. ಅದರ ನೆನಪಿಗೆ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಆಗಲಿ. ಆದರೆ ಆ ವರ್ಷವೇ ಇದೇ ತಾಲೂಕಿನ ಮಕ್ಕಳಿಗೆ ಸಿಕ್ಕಿದ್ದು ಅಡ್ಡ ಪ್ರಶ್ನೆ ಹಾಕಲಿಕ್ಕೆ ಬಾರದ ಪರದೆ. "ಸರ್, ತಿರುಗಿ ಹೇಳ್ರಿ" ಅನ್ನಬಹುದು, ಹಿಂದಕ್ಕೆ ಎಳೆದರೆ ಆಯಿತು. "ಸರ್, ಹಂಗ್ಯಾಕ?" ಅನ್ನಲಿಕ್ಕೆ ಬರುವುದಿಲ್ಲ. ತಿರುಗಿ ಹೇಳಿದ್ದೇ ಹೇಳುತ್ತದೆ, ಒಂದಕ್ಷರ ಬದಲಿಲ್ಲದೆ.

ಇಲ್ಲಿಯೇ ನಮ್ಮ ತಕರಾರು ಇರುವುದು. 371ಜೆ ಬಂದು ಇಷ್ಟು ವರ್ಷವಾದರೂ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಾಸ್ತರರ ಹುದ್ದೆ ಖಾಲಿ ಇವೆ. ಖಾಲಿ ಕುರ್ಚಿಯ ಮುಂದೆ ಪರದೆ ಹಿಡಿದು "ನೋಡ್ರಿ, ಐಐಟಿ ಪ್ರೊಫೆಸರ್ ಬಂದಾರ" ಅಂದರೆ ಅದು ಕೊಡುಗೆಯಲ್ಲ, ಕಸಿದದ್ದನ್ನು ಮುಚ್ಚುವ ಬಟ್ಟೆ. ಪಟ್ಟಣದ ಮಗುವಿಗೆ ಮಾಸ್ತರರೂ ಇದ್ದಾರೆ, ಪರದೆಯೂ ಇದೆ. ನಮಗೆ ಮಾಸ್ತರರ ಬದಲಿಗೆ ಪರದೆ. 2020ರ ಆಗಸ್ಟಿನಲ್ಲಿ ವಿದ್ಯಾಗಮ ಶುರುವಾದಾಗ ಮಾಸ್ತರರು ಗಿಡದ ಬುಡಕ್ಕೆ ಬಂದರು. ರೋಗದ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ನಿಲ್ಲಿಸಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಆ ಎರಡು ತಿಂಗಳಲ್ಲಿ ಒಂದು ಸಂಗತಿ ಕಂಡೆವು. ಒಬ್ಬ ಮಾಸ್ತರರು ಪಾಠಗಳನ್ನು ಮೆಮೊರಿ ಕಾರ್ಡಿಗೆ ಇಳಿಸಿಕೊಂಡು ಬರುತ್ತಿದ್ದರು. ಐದು ನಿಮಿಷ ತೋರಿಸಿ ನಿಲ್ಲಿಸುವುದು, "ಏನ್ ಅಂದ ಅವ?" ಎಂದು ಕೇಳುವುದು. ಮಕ್ಕಳು ತಮ್ಮ ಮಾತಿನಲ್ಲಿ ಹೇಳುವುದು, ಜಗಳಾಡುವುದು, ಮತ್ತೆ ಐದು ನಿಮಿಷ. ಮುಖವಿಲ್ಲದ ಆ ದನಿ ಆಗ ಮಾತ್ರ ಪಾಠವಾಯಿತು. ರೀಚಾರ್ಜ್ ಬೇಕಾಗಲಿಲ್ಲ, ಗುಡಿ ಕಟ್ಟೆಯೂ ಬೇಕಾಗಲಿಲ್ಲ. ಹಳ್ಳಿಯ ಶಿಕ್ಷಕ ಗೆಳೆಯರೇ, ಇದನ್ನು ಇವತ್ತೂ ಮಾಡಬಹುದು.

ಬಸವಕಲ್ಯಾಣದ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುವ ನಮ್ಮ ಹುಡುಗನೊಬ್ಬ ಲಾರಿ ಎಂಜಿನ್ ಬಿಚ್ಚುವುದನ್ನು ಹಿಂದಿ ವಿಡಿಯೋ ನೋಡಿ ಕಲಿತಿದ್ದಾನೆ. ಎಂಟನೇತ್ತಕ್ಕೆ ಶಾಲೆ ಬಿಟ್ಟವನು. "ಕನ್ನಡದಾಗ ಯಾಕ ನೋಡಲಿಲ್ಲೋ" ಎಂದು ಕೇಳಿದೆವು. "ಕನ್ನಡದಾಗ ಹುಡುಕಿದ್ರ ಬರೀ ಭಾಷಣ ಬರ್ತಾವ ಅಣ್ಣಾ" ಅಂದ. ನಮಗೆ ನಾಚಿಕೆಯಾಯಿತು. ಯಾಕೆಂದರೆ ನಾವೂ ಭಾಷಣದವರೇ.

ಹೋದ ತಿಂಗಳು ಕೇರಿಯ ಅಂಬೇಡ್ಕರ್ ಭವನದಲ್ಲಿ ನಾವು ನಾಲ್ಕು ಮಂದಿ ಸೇರಿ ಆ ಬಡ್ಡಿ ಲೆಕ್ಕವನ್ನೇ ನಮ್ಮ ಮಾತಿನಲ್ಲಿ ಹೇಳಿ ಫೋನಿನಲ್ಲಿ ಹಿಡಿದೆವು. ಏಳು ನಿಮಿಷ. ಮೊದಲು ನೋಡಿದ ಅವ್ವಂದಿರು ಲೆಕ್ಕದಲ್ಲಿ ಒಂದು ತಪ್ಪು ಹಿಡಿದರು: ಸಾವುಕಾರ ಮೊದಲ ತಿಂಗಳ ಬಡ್ಡಿಯನ್ನು ಮುರಕೊಂಡೇ ಸಾಲ ಕೊಡುತ್ತಾನೆ, ಹತ್ತು ಸಾವಿರ ಬರೆಸಿಕೊಂಡು ಕೈಗೆ ಕೊಡುವುದು ಒಂಬತ್ತೂವರೆ ಸಾವಿರ. ಬಿ.ಎ. ಓದಿದ ನಾವು ಅದನ್ನು ಬಿಟ್ಟಿದ್ದೆವು. ಜೊತೆಗೆ ಪಕ್ಕದ ಗಿರಣಿಯ ಸದ್ದಿನಲ್ಲಿ ಅರ್ಧ ಮಾತು ಕೇಳುತ್ತಿಲ್ಲ. ಗಿರಣಿಗೆ ರಜೆ ಇರುವ ದಿನ ನೋಡಿ ತಿರುಗಿ ಹಿಡಿಯಬೇಕು.